ಇಲ್ಲ ಅನ್ನುವ ಕೆಲಸ

ನಮ್ಮ ಊರಿನಲ್ಲಿ ಇಲ್ಲ ಅನ್ನಲಿಕ್ಕೆ ಒಬ್ಬನನ್ನು ಇಟ್ಟಿರುತ್ತಾರೆ. ಇಪ್ಪತ್ತೊಂದು ವರ್ಷದಿಂದ ಆ ಒಬ್ಬ ನಾನೇ. ಹೆಸರು ಗದಿಗೆಪ್ಪ. ಹಗಲು ಹಿಟ್ಟಿನ ಗಿರಣಿ ನಡೆಸುತ್ತೇನೆ, ಸಂಜೆ ಇಲ್ಲ ಅನ್ನುತ್ತೇನೆ. ಎರಡು ಕೆಲಸಕ್ಕೂ ಸಿಟ್ಟು ಬೇಕು. ಅದು ನನ್ನಲ್ಲಿ ಬೇಕಾದಷ್ಟಿದೆ.

ಊರು ಅಂದರೆ ಒಂದೇ ಸಾಲು. ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಮನೆಗಳೆಲ್ಲ ಒಂದರ ಪಕ್ಕ ಒಂದು ಕೂತು ಬಡಗು ದಿಕ್ಕಿಗೆ ಮುಖ ಮಾಡಿವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂವರೆ ಮೈಲಿ. ಎದುರಿಗೆ ಯಾರೂ ಏನೂ ಕಟ್ಟುವಂತಿಲ್ಲ, ಗಿಡ ಹಚ್ಚುವಂತಿಲ್ಲ, ಬಣವೆ ಒಟ್ಟುವಂತಿಲ್ಲ. ಬರೀ ಬಯಲು, ಆಮೇಲೆ ಆಕಾಶ. ಉತ್ತರದ ಆಕಾಶದಲ್ಲಿ ಪರದೆಯ ಹಾಗೆ ಏಳುತ್ತದೆ ಅನ್ನುವ ಬಡಗಣ ಬೆಳಕು ಬಂದರೆ ಅಡ್ಡ ಏನೂ ಇರಬಾರದು ಅಂತ.

ಸೂರ್ಯ ಮುಳುಗಿ ಕತ್ತಲು ಕೂಡಿಕೊಂಡ ಮೇಲೆ ಊರಿನ ದೀಪಗಳೆಲ್ಲ ಆರುತ್ತವೆ. ಒಲೆಯ ಕೆಂಡಕ್ಕೂ ಬೂದಿ ಮುಚ್ಚುತ್ತಾರೆ. ಒಂದು ತಾಸು ಎಲ್ಲರೂ ತಮ್ಮ ತಮ್ಮ ಕಟ್ಟೆಯ ಮೇಲೆ ಕೂತು ಬಡಗು ನೋಡುತ್ತಾರೆ. ಹೆಂಗಸರು ಹೊತ್ತಿರುವಾಗಲೇ ರೊಟ್ಟಿ ಬಡಿದು ಮುಗಿಸುತ್ತಾರೆ. ಕಿರಾಣಿ ಅಂಗಡಿಯವನು ಆ ತಾಸಿನಲ್ಲಿ ಬೆಲ್ಲವನ್ನು ಕೈಯಲ್ಲೇ ತೂಗಿ ಕೊಡುತ್ತಾನೆ, ಯಾರೂ ಇವತ್ತಿನವರೆಗೆ ಕಡಿಮೆ ಬಂತು ಅಂದಿಲ್ಲ. ಮಕ್ಕಳು ಮಗ್ಗಿ ಬಾಯಿಪಾಠ ಮಾಡುತ್ತವೆ. ಮಾತು ಬಿಟ್ಟ ಅಣ್ಣತಮ್ಮಂದಿರು ಮುಖ ಕಾಣುವುದಿಲ್ಲವಲ್ಲ ಅಂತ ಆ ಹೊತ್ತಿನಲ್ಲಿಯೇ ಒಂದೆರಡು ಮಾತು ಆಡಿಕೊಳ್ಳುತ್ತಾರೆ. ಹೊಸದಾಗಿ ಬಂದ ಅಳಿಯಂದಿರು ಒರಳುಕಲ್ಲಿಗೆ ಮೊಣಕಾಲು ಬಡಿಸಿಕೊಳ್ಳುತ್ತಾರೆ. ಎರಡನೆಯ ವರ್ಷಕ್ಕೆ ಅವರಿಗೂ ರೂಢಿಯಾಗುತ್ತದೆ.

ನಾನು ನಾಲ್ಕನೇ ಈಯತ್ತೆಯಲ್ಲಿದ್ದಾಗ ನಮ್ಮ ಮೇಷ್ಟ್ರು ಭೂಪಟ ತೂಗುಹಾಕಿ, ಆ ಬೆಳಕು ಇರುವುದು ಹಿಮ ಬೀಳುವ ದೇಶಗಳಲ್ಲಿ ಅಂತ ಕೋಲು ಮೇಲೆತ್ತಿ ತೋರಿಸಿದ್ದರು. ಆಮೇಲೆ ಕೋಲನ್ನು ಬಹಳ ಕೆಳಗೆ ತಂದು, ನಾವು ಇರುವುದು ಇಲ್ಲಿ ಅಂದರು. ನಮ್ಮ ಊರು ಆ ಭೂಪಟದಲ್ಲಿ ಇರಲಿಲ್ಲ. ಮೇಷ್ಟ್ರು ಸುಮ್ಮನೆ ಒಂದು ಕಡೆ ಕೋಲು ಇಟ್ಟಿದ್ದರು. ಅಷ್ಟು ಕೆಳಕ್ಕೆ ಅದು ಇಳಿಯುವುದಿಲ್ಲ ಕಣ್ರೋ ಅಂತಲೂ ಹೇಳಿದರು. ಅದೇ ಸಂಜೆ ದೀಪ ಆರಿಸಿ ಅವರೂ ಕಟ್ಟೆಯ ಮೇಲೆ ಕೂತಿದ್ದನ್ನು ನಾನು ನೋಡಿದ್ದೇನೆ.

ಕಾಯುವ ಜನಕ್ಕೆ ಏನು ಬೇಕಾದರೂ ಕಾಣುತ್ತದೆ. ದೂರದ ಮಿಂಚು, ಕಬ್ಬಿನ ಒಣಗರಿ ರವದಿ ಸುಟ್ಟ ಬೆಂಕಿ, ಲಾರಿಯ ದೀಪ, ಹುಟ್ಟುವ ಚಂದ್ರನ ಅಂಚು. ಹಿಂದೆ ಇದಕ್ಕಾಗಿ ಹೌದು ಅಲ್ಲ ಅಂತ ತಲೆ ಒಡೆದುಕೊಂಡಿದ್ದಾರಂತೆ. ಆದ್ದರಿಂದ ಊರ ನಡುವಿನ ದೊಡ್ಡ ಕಟ್ಟೆಯ ಮೇಲೆ ಒಬ್ಬನನ್ನು ನಿಲ್ಲಿಸಿದರು. ಅವನು ನೋಡಿ ಇಲ್ಲ ಅಂದರೆ ಮುಗಿಯಿತು. ಎಲ್ಲರೂ ಬೆನ್ನು ತಿರುಗಿಸಿ ಮನೆಗೆ ಹೋಗಬೇಕು, ದೀಪ ಹಚ್ಚಬೇಕು, ಉಣ್ಣಬೇಕು. ಇಲ್ಲ ಅಂದಮೇಲೆ ತಿರುಗಿ ನೋಡುವುದು ಮರ್ಯಾದೆಯಲ್ಲ. ಹೌದು ಅಂದರೆ ಮಾತ್ರ ಕಟ್ಟೆಗೆ ತೂಗುಹಾಕಿದ ಕಂಚಿನ ಜಾಗಟೆ ಬಾರಿಸಬೇಕು. ಈ ಕೆಲಸಕ್ಕೆ ಮೆತ್ತನೆಯವರು ಆಗುವುದಿಲ್ಲ, ಕನಿಕರಕ್ಕೆ ಹೌದು ಅಂದುಬಿಡುತ್ತಾರೆ. ಊರಿನಲ್ಲಿ ಯಾರ ಬಾಯಿ ಎಲ್ಲರಿಗಿಂತ ಕೆಟ್ಟದ್ದು ಅಂತ ನೋಡಿ ಆರಿಸುತ್ತಾರೆ. ನನ್ನನ್ನು ಆರಿಸುವಾಗ ಒಬ್ಬರೂ ಬೇಡ ಅನ್ನಲಿಲ್ಲ. ನಿನ್ನ ಜೋಳ ಹಸಿ ಇದೆ, ಒಣಗಿಸಿ ತಾ ಅಂತ ಸ್ವಂತ ಬೀಗರನ್ನೇ ಗಿರಣಿಯಿಂದ ತಿರುಗಿ ಕಳಿಸಿದವನು ನಾನು.

ಈಗ ಫಕೀರವ್ವನ ವಿಷಯ ಹೇಳಬೇಕು. ನನ್ನ ತಾಯಿಯ ಜೊತೆಗಾತಿ, ಚಿಗವ್ವ ಅಂತ ಕರೆಯುತ್ತೇನೆ. ಕೌದಿ ಹೊಲಿಯುವುದರಲ್ಲಿ ಅವಳ ಕೈ ದೊಡ್ಡದು. ಹಳೆಯ ಸೀರೆ, ಹಳೆಯ ಧೋತರ, ಯಾರೂ ಬೇಡ ಅಂದ ಅರಿವೆ ತಂದು ತುಂಡು ತುಂಡು ಕೂಡಿಸಿ ಹೊಲಿದಳೆಂದರೆ ಹೊದ್ದವರು ಮೂರು ತಲೆಮಾರು ಬೆಚ್ಚಗಿರುತ್ತಾರೆ. ಅವಳದೇ ಒಂದು ಕೌದಿ ಇದೆ, ಮದುವೆಯಾಗಿ ಬಂದ ವರ್ಷ ಶುರು ಮಾಡಿದ್ದು. ಎಲ್ಲ ಮುಗಿದಿದೆ, ನಡುವೆ ಅಂಗೈಯಗಲದ ಒಂದು ತುಂಡಿನ ಜಾಗ ಮಾತ್ರ ಖಾಲಿ. ಬಡಗಣ ಬೆಳಕಿನ ಬಣ್ಣ ನೋಡಿದ ಮೇಲೆ ಅದನ್ನು ತುಂಬುತ್ತೇನೆ ಅಂತ ಬಿಟ್ಟಿದ್ದಾಳೆ. ಬಿಟ್ಟು ಐವತ್ತು ವರ್ಷದ ಮೇಲಾಯಿತು.

ಹೋದ ವರ್ಷ ಅವಳ ಕಣ್ಣು ಕೆಡಲು ಶುರುವಾಯಿತು. ಮೊದಲು ಅಂಚು ಹೋಯಿತು, ಆಮೇಲೆ ನಡುವೆ ಕೊಳವೆಯಲ್ಲಿ ನೋಡಿದಷ್ಟು ಉಳಿಯಿತು. ದೊಡ್ಡ ಊರಿನ ಡಾಕ್ಟರು, ನರ ಒಣಗುತ್ತಿದೆ, ಯುಗಾದಿಯವರೆಗೆ ಉಳಿದರೆ ಹೆಚ್ಚು ಅಂದರಂತೆ. ಇದನ್ನು ನನಗೆ ಹೇಳಿದವಳು ಅವಳ ಮಗಳು ರೇಣವ್ವ. ರೇಣವ್ವ ರೊಟ್ಟಿ ಮಾಡಿ ಮಾರುತ್ತಾಳೆ, ದಿನಾ ಗಿರಣಿಗೆ ಬರುತ್ತಾಳೆ. ಅವತ್ತು ಹಿಟ್ಟು ಬೀಸಿಸಿಕೊಂಡ ಮೇಲೂ ಹೋಗದೆ ನಿಂತಳು. ಮೋಟಾರು ಬಂದ್ ಮಾಡಿದ ಮೇಲೆ ಮಾತು ತೆಗೆದಳು. ಒಂದು ಸಂಜೆ ಆಕಾಶದಲ್ಲಿ ಏನಾದರೂ ಬಣ್ಣ ಕಂಡಾಗ, ಮಿಂಚೋ ಬೆಂಕಿಯೋ, ಒಂದೇ ಒಂದು ಸಲ ಹೌದು ಅಂದುಬಿಡು ಅಂತ.

"ಅಣ್ಣಾ, ಆಕಿಗೆ ಅಷ್ಟ ಸಾಕು. ನಿನ್ನ ಗಂಟೇನು ಹೋಗತೈತಿ?"

ನಾನು ಬೈದ ಬೈಗುಳಕ್ಕೆ ಹೊರಗೆ ಸರದಿ ನಿಂತವರು ಬುಟ್ಟಿ ಎತ್ತಿಕೊಂಡು ದೂರ ಹೋದರು. ಹೌದು ಅನ್ನುವ ಮಾತನ್ನು ನಾನು ಇಪ್ಪತ್ತೊಂದು ವರ್ಷದಿಂದ ಬಾಯಿಯೊಳಗೆ ಹಿಡಿದಿಟ್ಟಿದ್ದೇನೆ, ಕಬ್ಬಿನ ರವದಿಗೆ ಕೊಟ್ಟು ಬಿಡಲಿಕ್ಕಲ್ಲ ಅಂದೆ. ರೇಣವ್ವ ಕಣ್ಣೊರೆಸಿಕೊಂಡು ಹೋದಳು. ರಾತ್ರಿ ಊಟ ರುಚಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಸುದ್ದಿ ಫಕೀರವ್ವನಿಗೆ ಮುಟ್ಟಿತು. ಮರುದಿನ ಮಗಳ ಹೆಗಲು ಹಿಡಿದುಕೊಂಡು ಗಿರಣಿಗೇ ಬಂದಳು. ಪಡುವಣ ತುದಿಯ ಕೊನೆಯ ಮನೆ ಅವಳದು, ಅಲ್ಲಿಂದ ಮುಕ್ಕಾಲು ಮೈಲಿ. ನನ್ನ ಮುಖ ಎಲ್ಲಿದೆ ಅಂತ ಹುಡುಕಿ ಹುಡುಕಿ ಹಿಡಿದು ಹೇಳಿದಳು.

"ಗದಿಗ್ಯಾ, ನೀ ಬೈದದ್ದು ಚಲೋ ಆತು. ನನ್ನ ಮ್ಯಾಲಿನ ಕನಿಕರಕ್ಕ ನೀ ಹೌದು ಅಂದ್ರ ನಾ ಒಂದು ಸುಳ್ಳಿನ ತುಂಡು ಹೊಲದು ಸಾಯ್ತೇನಿ. ಹಂಗ ಮಾಡಬ್ಯಾಡ."

ಮಾಡುವುದಿಲ್ಲ ಅಂದೆ. ಅವತ್ತಿನಿಂದ ದಿನಾ ಸಂಜೆ ಅವಳು ತನ್ನ ಕಟ್ಟೆ ಬಿಟ್ಟು ನನ್ನ ಕಟ್ಟೆಗೇ ಬಂದು ಕೂರುತ್ತಿದ್ದಳು. ನಾನು ಇಲ್ಲ ಅನ್ನುತ್ತಿದ್ದೆ, ಅವಳು ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು. ಚಳಿಗಾಲ ಹೀಗೇ ಹೋಯಿತು.

ಮಾಘ ಮಾಸದ ಒಂದು ಸಂಜೆ. ದೀಪ ಆರಿ ಸುಮಾರು ಹೊತ್ತಾಗಿತ್ತು. ಬಯಲಿನ ತುದಿಯಲ್ಲಿ, ನೆಲಕ್ಕೆ ಹತ್ತಿಕೊಂಡು, ಒಂದು ಕೆಂಪು ಕಾಣಿಸಿತು. ಮಂದ ಕೆಂಪು. ಯಾವ ಹೊಳಪೂ ಇಲ್ಲ. ಐವತ್ತು ಅರವತ್ತು ಜನ ಕಟ್ಟೆಗೆ ಬಂದು ಸೇರಿದರು. ಬಯಲಿನಾಚೆ ಇಟ್ಟಿಗೆ ಸುಡುವ ಇಟ್ಟಂಗಿ ಭಟ್ಟಿಯ ಮೌಲಾಸಾಬನೂ ಬಂದಿದ್ದ. ಫಕೀರವ್ವ ನನ್ನ ಮೊಣಕೈ ಹಿಡಿದು, ಏನರ ಐತೇನು ಅಂತ ಕೇಳಿದಳು. ನಾನು ಕಣ್ಣು ಕಿರಿದು ಮಾಡಿ ನೋಡಿದೆ.

ನಮ್ಮ ಊರಿನಲ್ಲಿ ಆ ಬೆಳಕಿನ ಬಗ್ಗೆ ಹೇಳುವ ಮಾತೆಲ್ಲ ಹಸಿರು ರೇಷ್ಮೆ, ಬಂಗಾರದ ಅಂಚು, ದೇವರ ಪರದೆ. ಇದು ನೋಡಿದರೆ ಗಿರಣಿಯ ಬೆಲ್ಟು ಒರೆಸುವ ನನ್ನ ಹಳೆಯ ಟವೆಲಿನ ಹಾಗಿತ್ತು. ಹತ್ತು ವರ್ಷ ಒಗೆದ, ಒಂದು ಕಾಲದಲ್ಲಿ ಕೆಂಪಾಗಿದ್ದ ಟವೆಲು. ಇದಕ್ಕಾಗಿಯೇ ಇಡೀ ಊರು ಬಡಗಿಗೆ ಮುಖ ಮಾಡಿ ಕೂತಿತ್ತು ಅಂತ ನನಗೆ ಹೊಳೆಯಲೇ ಇಲ್ಲ.

"ಇಲ್ಲ. ಭಟ್ಟಿ ಬೆಂಕಿ. ಮನಿಗೆ ನಡೀರಿ," ಅಂದೆ.

ಎಲ್ಲರೂ ಬೆನ್ನು ತಿರುಗಿಸಿದರು. ಫಕೀರವ್ವ ಸೆರಗು ಕೊಡವಿದಳು. ರೇಣವ್ವ ಅವಳ ಕೈ ಹಿಡಿದು ಪಡುವಣ ಕಡೆ ಕರೆದುಕೊಂಡು ಹೋದಳು. ಒಂದೊಂದಾಗಿ ಮನೆಗಳಲ್ಲಿ ದೀಪ ಹತ್ತಿದವು, ಒಗ್ಗರಣೆಯ ವಾಸನೆ ಬಂತು. ನಾನು ಗಿರಣಿಗೆ ಹೋಗಿ, ತಂಬಾಕು ತಿಕ್ಕೋಣ ಅಂತ ಬಾಗಿಲಲ್ಲಿ ಒಟ್ಟಿದ್ದ ಇಟ್ಟಂಗಿಯ ಮೇಲೆ ಕೂತೆ.

ಇಟ್ಟಂಗಿ ತಣ್ಣಗಿದ್ದವು. ಗಿರಣಿಯ ಜಗಲಿ ಕಟ್ಟಲಿಕ್ಕೆ ಅವತ್ತೇ ಬೆಳಿಗ್ಗೆ ಮೌಲಾಸಾಬನ ಹತ್ತಿರ ತಂದವು. ಆಗಲೂ ತಣ್ಣಗೇ ಇದ್ದವು. ಇವೇ ಕಡೇವು, ಭಟ್ಟಿ ತೆಗೆದು ಹದಿನೈದು ದಿನ ಆತು, ಮತ್ತ ಹಚ್ಚೂದು ಸುಗ್ಗಿ ಮುಗಿದ ಮ್ಯಾಲೆ ಅಂತ ಮೌಲಾಸಾಬ ಹೇಳಿದ್ದ. ನಾನೇ ಖಾಲಿ ಭಟ್ಟಿಯೊಳಗೆ ನಿಂತು ಒಂದೊಂದು ಇಟ್ಟಂಗಿ ಬಡಿದು ನೋಡಿ ಆರಿಸಿಕೊಂಡಿದ್ದೆ. ಸುತ್ತ ಹತ್ತು ಹರದಾರಿಯಲ್ಲಿ ಬೇರೆ ಭಟ್ಟಿ ಇಲ್ಲ.

ತಂಬಾಕು ಅಂಗೈಯಲ್ಲೇ ಉಳಿಯಿತು. ಎದ್ದು ಗಿರಣಿಯ ಮೂಲೆ ದಾಟಿ ಕತ್ತಲಿಗೆ ಬಂದು ನೋಡಿದೆ. ಕೆಂಪು ಮೊದಲಿಗಿಂತ ಮೇಲಕ್ಕೆ ಏರಿತ್ತು. ಅದರೊಳಗೆ ಎರಡು ಮೂರು ಬಿಳಿಚು ಕಂಬಗಳು ನಿಂತಿದ್ದವು. ನಾನು ನೋಡುತ್ತಿದ್ದಂತೆ ಅವು, ಯಾರಿಗೂ ತೊಂದರೆಯಾಗದ ಹಾಗೆ, ಮೆಲ್ಲಗೆ ಪಕ್ಕಕ್ಕೆ ಸರಿದವು. ಬೆಂಕಿ ಸರಿಯುವುದು ಹಾಗಲ್ಲ.

ಕಟ್ಟೆಗೆ ಓಡಿ ಜಾಗಟೆ ಬಾರಿಸಿದೆ. ಕೈ ನೋಯುವವರೆಗೆ ಬಾರಿಸಿದೆ. ಒಬ್ಬರೂ ಬರಲಿಲ್ಲ. ಅದನ್ನು ಯಾವತ್ತೂ ಯಾರೂ ಬಾರಿಸಿಯೇ ಇರಲಿಲ್ಲ. ಅದರ ಸದ್ದು ಎಂಥದು ಅಂತ ಊರಿನಲ್ಲಿ ಯಾರಿಗೆ ಗೊತ್ತು? ಮಠದಲ್ಲಿ ಮಂಗಳಾರತಿ ಅಂದುಕೊಂಡು ಕೆಲವರು ಕೂತಲ್ಲೇ ಕೈ ಮುಗಿದರಂತೆ. ಕಟ್ಟೆಯ ಪಕ್ಕದ ಮನೆಗೆ ನುಗ್ಗಿ ಹೇಳಿದೆ. ಅವರು ನನ್ನ ಬಾಯಿಯ ವಾಸನೆ ನೋಡಿ, ಕೂತು ನೀರು ಕುಡಿ ಅಂದರು. ಇನ್ನೊಬ್ಬರಿಗೆ ಹೇಳುತ್ತಾ ನಿಂತರೆ ಇದು ಆರಿ ಹೋದೀತು ಅನ್ನಿಸಿತು. ಈ ಊರಿನಲ್ಲಿ ಬೇರೆಯವರ ಕಣ್ಣು ಮುಂದಿನ ವರ್ಷವೂ ಇರುತ್ತವೆ. ಚಪ್ಪಲಿ ಅಲ್ಲೇ ಬಿಟ್ಟು ಪಡುವಣ ತುದಿಗೆ ಓಡಿದೆ. ಐವತ್ತಮೂರು ವರ್ಷದ, ಹಿಟ್ಟು ಕುಡಿದ ಎದೆಯವನು ಮುಕ್ಕಾಲು ಮೈಲಿ ಓಡುವುದು ಹೇಗಿರುತ್ತದೆ ಅಂತ ಹೇಳುವುದಿಲ್ಲ. ಬಲಗಡೆ ಆಕಾಶದಲ್ಲಿ ಅದು ನನ್ನ ಜೊತೆಗೇ ಬರುತ್ತಿತ್ತು.

ಫಕೀರವ್ವ ಉಣ್ಣಲಿಕ್ಕೆ ಕೂತಿದ್ದಳು. ಮುಂದೆ ಕಂದೀಲು ಉರಿಯುತ್ತಿತ್ತು. ಹೊರಗ ಬಾ, ಬಂದೈತಿ ಅಂದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ರೇಣವ್ವ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಕೊನೆಗೂ ತನ್ನ ಮಾತು ನಡೆಸಿಕೊಡಲಿಕ್ಕೆ ಬಂದಿದ್ದಾನೆ ಅಂತ ಅವಳು ತಿಳಿದಿದ್ದಳು. ತಾಯಿಯೂ ಹಾಗೇ ತಿಳಿದಿದ್ದಳು.

"ಬ್ಯಾಡಪಾ. ನೀ ಒಳ್ಳೆಯಾವ ಅದಿ ಅಂತ ನನಗ ಮೊದಲಿಂದ ಗೊತ್ತೈತಿ. ನನ್ನ ಸಲುವಾಗಿ ಸುಳ್ಳಾ ಆಗಬ್ಯಾಡ. ಇಲ್ಲ ಅಂದಿ, ಮುಗೀತು. ಉಂಡು ಹೋಗು."

ಖರೇನ ಬಂದೈತಿ ಅಂದೆ. ಆಣೆ ಮಾಡಿದೆ. ಆಣೆ ಮಾಡಿದ್ದು ಇನ್ನೂ ಕೆಡಿಸಿತು, ನಾನು ಯಾವತ್ತೂ ಆಣೆ ಮಾಡುವವನಲ್ಲ. ಭಟ್ಟಿಯ ವಿಷಯ, ಇಟ್ಟಂಗಿಯ ವಿಷಯ ಹೇಳಿದೆ. ಏದುಸಿರಿನಲ್ಲಿ ಅದೂ ಕಟ್ಟಿದ ಕಥೆಯ ಹಾಗೆ ಕೇಳಿಸಿತು. ಎಷ್ಟು ಮೆತ್ತಗೆ ಹೇಳಿದರೆ ಅಷ್ಟು ಅವಳು ನಂಬದೆ ಹೋದಳು. ಇಪ್ಪತ್ತೊಂದು ವರ್ಷದಲ್ಲಿ ನನ್ನ ಬಾಯಿಯಿಂದ ಹೌದು ಅನ್ನುವ ಮಾತು ಬಂದದ್ದು ಅದೊಂದೇ ಸಲ, ಅದು ಯಾರಿಗೂ ಬೇಡವಾಗಿತ್ತು. ಹೊರಗೆ ಅದು ಆರುತ್ತಿರಬಹುದು ಅನ್ನಿಸಿದ ಕೂಡಲೆ ನನ್ನ ಸಿಟ್ಟು ನೆತ್ತಿಗೇರಿತು.

"ಏ ಮುದುಕಿ, ನಿನ್ನ ಮ್ಯಾಲೆ ಕನಿಕರ ಮಾಡಾಕ ನನಗ ಹುಚ್ಚು ಹಿಡಿದೈತೇನು? ಹ್ವಾದ ವರ್ಷ ಹಸಿ ಜ್ವಾಳ ತಂದು ನನ್ನ ಗಿರಣಿ ಕಲ್ಲು ಹಾಳು ಮಾಡಿದಾಕಿ ನೀನು. ಎರಡು ದಿನ ಉಳಿ ಹಿಡಕೊಂಡು ಕೆತ್ತೇನಿ. ಅವತ್ತ ನಿನ್ನ ಬುಟ್ಟಿ ಬೀದಿಗೆ ಒಗೀಬೇಕಿತ್ತು, ನಮ್ಮವ್ವನ ಮಾರಿ ನೋಡಿ ಬಿಟ್ಟೆ. ಐವತ್ತು ವರ್ಷ ಆ ಹಾಳ ಕೌದಿ ಇಟಗೊಂಡು ಊರ ಮಂದಿ ತಲಿ ತಿಂದಿ. ಈಗ ಬಾಗಲಾಗ ಬಂದು ನಿಂತೈತಿ, ನೀ ರೊಟ್ಟಿ ಮುರಕೋತ ಕುಂತಿ. ಏಳ್ತೀಯೋ, ಹೊತಗೊಂಡು ಹೋಗಿ ಬಯಲಾಗ ಒಗೀಲೋ?"

ಫಕೀರವ್ವನ ಕೈ ನಿಂತಿತು. ಮುಖದ ತುಂಬ ನಗು ಬಂತು.

"ರೇಣವ್ವಾ, ಕಂದೀಲು ಆರಸು. ಇವ ಖರೇ ಹೇಳಾಕತ್ತಾನ," ಅಂದಳು.

ಕೈ ತೊಳೆಯದೆ ಎದ್ದಳು. ಅವಳ ಮನೆ ಕಡೆಯದ್ದು, ಮನೆಯ ಆಚೆ ಹತ್ತು ಹೆಜ್ಜೆ ಹೋದರೆ ಊರಿನ ಬೆಳಕು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ನಿಲ್ಲಿಸಿದೆವು. ಆಕಾಶದಲ್ಲಿ ಅದು ಇನ್ನೂ ಇತ್ತು. ರೇಣವ್ವ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಫಕೀರವ್ವನಿಗೆ ಅಷ್ಟು ದೊಡ್ಡದೂ ಕೂಡಲೆ ಸಿಗಲಿಲ್ಲ. ಉಳಿದ ಆ ಚೂರು ಕಣ್ಣಿನಲ್ಲಿ, ಸೂಜಿಗೆ ದಾರ ಪೋಣಿಸುವವಳ ಹಾಗೆ ಮುಖವನ್ನು ಅತ್ತ ಇಷ್ಟು ಇತ್ತ ಇಷ್ಟು ಹೊರಳಿಸುತ್ತಾ ಹುಡುಕಿದಳು. ನಾನು ಕೈ ಹಿಡಿದು ತೋರಿಸಲು ಹೋದೆ. ಸುಮ್ಮನಿರು ಅಂದಳು. ಆಮೇಲೆ ಮುಖ ಒಂದು ಕಡೆ ನಿಂತಿತು.

"ಸಿಕ್ತು," ಅಂದಳು.

ಕಂಬಗಳು ಸರಿಯುತ್ತಿದ್ದವು, ಒಂದು ಮಸುಕಾದರೆ ಇನ್ನೊಂದು ಏಳುತ್ತಿತ್ತು. ನನಗೆ ಅಷ್ಟರಲ್ಲಿ ಎದೆಯ ಬಡಿತ ಇಳಿದು ಚಳಿ ಹತ್ತಿತ್ತು.

"ನಾವು ಇದನ್ನ ರೇಷ್ಮಿ ಅಂತಿದ್ವಿ. ಇದು ಹಳೀ ಅರಿವಿ ಇದ್ದಂಗ ಐತಲ್ಲೋ," ಅಂದಳು. ನನಗೆ ನಾಚಿಕೆಯಾಯಿತು, ಆ ಬೆಳಕನ್ನು ಮಾಡಿದವನು ನಾನೇ ಅನ್ನುವ ಹಾಗೆ. ಅವಳೇ ಮುಂದುವರಿಸಿದಳು. "ಹಳೀ ಅರಿವಿ ಆದ್ರ ಚಲೋ ಆತು. ಅದು ನನಗ ಸಿಗತೈತಿ."

ಅದೇ ಬಣ್ಣದ ಟವೆಲು ನನ್ನ ಗಿರಣಿಯಲ್ಲಿದೆ ಅಂದೆ. ಅವಳು ಆಕಾಶದಿಂದ ಮುಖ ತೆಗೆಯದೆ, ನೀ ಮೊದಲ ಇಲ್ಲ ಅಂದಿದ್ದಿಯಲ್ಲ, ಅಂದಳು. ಅಂದಿದ್ದೆ, ತಪ್ಪಾತು ಅಂದೆ. ಜೀವಮಾನದಲ್ಲಿ ಆ ಮಾತನ್ನು ನಾನು ಇನ್ನೊಬ್ಬರಿಗೆ ಹೇಳಿದ ನೆನಪಿಲ್ಲ.

"ಆಗಲಿ. ಈಗ ಸುಮ್ಮನ ನೋಡು," ಅಂದಳು.

ಅದು ಆರುವವರೆಗೆ ಮೂವರೂ ನೋಡಿದೆವು. ಆರಿದ್ದು ಯಾವಾಗ ಅಂತ ಗೊತ್ತಾಗಲಿಲ್ಲ. ಆಕಾಶ ಮೊದಲಿನ ಹಾಗೆ ಆಗಿತ್ತು, ಅಷ್ಟೆ.

ಬೆಳಿಗ್ಗೆ ಕಟ್ಟೆಯ ಮುಂದೆ ಊರು ಕೂಡಿತು. ನಾನು ಏನನ್ನೂ ಮುಚ್ಚಲಿಲ್ಲ. ಬಂದಿತ್ತು, ನಾನು ಇಲ್ಲ ಅಂದೆ, ನಿಮ್ಮೆಲ್ಲರನ್ನೂ ಉಣ್ಣಲಿಕ್ಕೆ ಕಳಿಸಿದೆ, ಈ ಕೆಲಸ ಇನ್ನು ನನಗೆ ಬೇಡ ಅಂದೆ. ಅರ್ಧ ಜನ ನಂಬಲಿಲ್ಲ, ಮುದುಕಿಯ ಸಲುವಾಗಿ ಕಟ್ಟಿದ್ದು ಅಂದರು. ಇನ್ನರ್ಧ ಜನ ನಂಬಿ, ಹೊಡೆಯುವ ಹಾಗೆ ನೋಡಿದರು. ಬಣ್ಣ ಹೇಗಿತ್ತು ಅಂತ ಕೇಳಿದವರಿಗೆ ಟವೆಲು ಎತ್ತಿ ತೋರಿಸಿದೆ. ಅದು ಯಾರಿಗೂ ಸೇರಲಿಲ್ಲ. ನಾನು ಮೌಲಾಸಾಬನ ಕಡೆ ತಿರುಗಿ, ಭಟ್ಟಿ ನಿನ್ನದು, ಬೆಂಕಿ ಇಲ್ಲ ಅಂತ ನಿನಗೆ ಗೊತ್ತಿತ್ತಲ್ಲ, ಬಾಯಲ್ಲಿ ಏನಿತ್ತು ಅಂದೆ.

ಅವನು ತಲೆ ಕೆರೆದುಕೊಂಡ. "ನೀ ಅಂದಮ್ಯಾಲೆ ನಾ ಯಾರಪಾ ಅಲ್ಲ ಅನ್ನಾಕ? ಮನಿಗೆ ಹೋಗಿ ಹೆಂಡತಿನ್ನ ಕೇಳಿದೆ, ನಾವೇನರ ಭಟ್ಟಿ ಹಚ್ಚೇವೇನು ಅಂತ."

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಹಿರಿಯ ಅಡಿವೆಪ್ಪ ಮಾತ್ರ ನಗಲಿಲ್ಲ. ಎಂಬತ್ತು ದಾಟಿದ ಮನುಷ್ಯ, ನನ್ನನ್ನು ಈ ಕೆಲಸಕ್ಕೆ ಇಟ್ಟವನು ಅವನೇ. ಕೋಲಿನ ಮೇಲೆ ಗದ್ದ ಊರಿ ಮಾತು ತೆಗೆದ. ಬಂದದ್ದಕ್ಕೂ ಇಲ್ಲ ಅಂದವನು ಬಾರದ್ದಕ್ಕೆ ಹೌದು ಅಂದಾನು ಅನ್ನುವ ಹೆದರಿಕೆ ಇಲ್ಲ, ಇವನಿಗಿಂತ ಗಟ್ಟಿ ಮನುಷ್ಯ ಎಲ್ಲಿ ಸಿಗುತ್ತಾನೆ ಅಂತ ಕೇಳಿದ. ಅದೂ ಅಲ್ಲದೆ ಅದು ಹೇಗಿರುತ್ತದೆ ಅಂತ ಕಂಡವನು ಈಗ ಇವನೇ. ಕೆಲಸ ಬಿಡುವಂತಿಲ್ಲ ಅಂತ ತೀರ್ಮಾನವಾಯಿತು. ಒಂದು ಹೊಸ ಕಟ್ಟಳೆ ಮಾತ್ರ ಸೇರಿಸಿದರು. ಇಲ್ಲ ಅನ್ನುವ ಮೊದಲು ನಾನು ಒಂದು ಎಲೆ ಅಡಿಕೆ ಹಾಕಿಕೊಂಡು, ಅದನ್ನು ಪೂರ್ತಿ ಅಗಿದು ನುಂಗುವವರೆಗೆ ಬಾಯಿ ಬಿಡಬಾರದು.

ಟವೆಲನ್ನು ಫಕೀರವ್ವನಿಗೆ ಕೊಟ್ಟೆ. ಒಗೆಯಲೇನು ಅಂದದ್ದಕ್ಕೆ, ಬೇಡ, ಬಣ್ಣ ಹೋದೀತು ಅಂದಳು. ಅಂಗೈಯಗಲ ಕತ್ತರಿಸಿ ಹೊಲಿದಳು. ಉಳಿದದ್ದನ್ನು ಮಡಚಿ ವಾಪಸು ಕೊಟ್ಟಳು, ಈಗಲೂ ಅದರಲ್ಲೇ ಬೆಲ್ಟು ಒರೆಸುತ್ತೇನೆ. ಯುಗಾದಿಗೆ ಇನ್ನೂ ಎಂಟು ದಿನ ಇರುವಾಗ ಅವಳ ಕಣ್ಣು ಪೂರ್ತಿ ಹೋಯಿತು. ಎರಡು ಸಂಜೆ ಅವಳು ಬರಲಿಲ್ಲ. ಮೂರನೆಯ ಸಂಜೆ ಕೋಲು ಊರುತ್ತಾ ಬಂದಳು, ನನ್ನ ಪಕ್ಕದಲ್ಲಿ ತನ್ನ ಜಾಗ ತಡವಿ ಹುಡುಕಿ ಕೂತಳು, ಮೊದಲಿನ ಹಾಗೆಯೇ ಬಡಗಿಗೆ ಮುಖ ಮಾಡಿದಳು. ಅವತ್ತಿನಿಂದ ದಿನಾ ಬರುತ್ತಾಳೆ. ನೋಡಿ ಆಯಿತಲ್ಲ, ಇನ್ನೇನು ಕೆಲಸ ಇಲ್ಲಿ ಅಂತ ಒಂದು ದಿನ ರೇಗಿದೆ. ನಾನು ಬರುವುದು ಅದಕ್ಕೇ, ಮನೆಯಲ್ಲಿ ಕೂತರೆ ಅದು ಮತ್ತೆ ಬಂದೀತೇನು ಅಂದಳು.

ನಿನ್ನೆಯೂ ಬಂದಿದ್ದಳು. ದೀಪ ಆರಿದವು. ಬಯಲಿನ ಮೇಲೆ ಕತ್ತಲು ಇಳಿಯಿತು. ಚಿಕ್ಕೆಗಳ ಹೊರತು ಅಲ್ಲೇನೂ ಇರಲಿಲ್ಲ.

"ಗದಿಗ್ಯಾ, ಐತೇನು?" ಅಂದಳು.

"ಇಲ್ಲ," ಅಂದೆ.

"ಎಲಿ ನುಂಗಿದೇನು?"

"ಇನ್ನೂ ಅಗಿಯಾಕತ್ತೇನಿ."

"ಹಂಗಾದ್ರ ಬಾಯಿ ಮುಚ್ಚು. ಸುಮ್ಮನ ನೋಡು."